ಐದು ಚೌಕಗಳಲ್ಲಿ ಒಂದು ಅಯನ

ಪದಬಂಧದ ಸುಳಿವು ನಾಲ್ಕೈದು ಪದಗಳಲ್ಲಿ ಮುಗಿಯುವ ಬರಹವಾದರೂ ನಿಘಂಟಿನ ಅರ್ಥವಿವರಣೆಗೆ ಇರಬೇಕಾದ ನಿಖರತೆಯನ್ನೇ ಅದೂ ಬಯಸುತ್ತದೆ. ಸುಳಿವು ಕೊಟ್ಟವರೂ ಬಿಡಿಸುವವರೂ ಎದುರುಬದುರು ಕುಳಿತಿರುವುದಿಲ್ಲ, ಸಂದೇಹ ಬಂದರೆ ಕೇಳಿ ತಿಳಿದುಕೊಳ್ಳುವ ಅವಕಾಶವಿರುವುದಿಲ್ಲ, ಒಂದು ಚೌಕದಲ್ಲಿ ತಪ್ಪಿ ಬಿದ್ದ ಅಕ್ಷರ ಅದನ್ನು ಹಾದುಹೋಗುವ ಇನ್ನೊಂದು ಪದವನ್ನೂ ಕೆಡಿಸಿಬಿಡುತ್ತದೆ. ವರ್ಷದ ಅತಿ ದೀರ್ಘ ಹಗಲು ಮತ್ತು ಅತಿ ಚಿಕ್ಕ ಹಗಲು ಎಂಬ ಎರಡು ಸಂಗತಿಗಳು ಇಂಥ ಸುಳಿವುಗಳಿಗೆ ಹೇಳಿ ಮಾಡಿಸಿದಂತಿವೆ. ಅವು ವರ್ಷ ವರ್ಷವೂ ತಪ್ಪದೆ ಬರುತ್ತವೆ, ಶಾಲೆಯ ಭೂಗೋಳದ ಪಾಠದಲ್ಲಿ ಎಲ್ಲರೂ ಅವನ್ನು ಓದಿರುತ್ತಾರೆ, ಉತ್ತರವಾಗಬಲ್ಲ ಪದಗಳಿಗೂ ಕೊರತೆಯಿಲ್ಲ. ಆದರೆ ಅದೇ ಸುಳಿವನ್ನು ಕನ್ನಡದಲ್ಲಿ ಬರೆಯಲು ಹೊರಟರೆ ವ್ಯಾಕರಣ, ಪಂಚಾಂಗ, ಖಗೋಳ ಮೂರೂ ಒಂದೇ ಚೌಕದೊಳಗೆ ಬಂದು ನಿಲ್ಲುತ್ತವೆ, ಮತ್ತು ಅವು ಮೂರೂ ಯಾವಾಗಲೂ ಒಂದೇ ಉತ್ತರವನ್ನು ಹೇಳುವುದಿಲ್ಲ.

ಪದಬಂಧದ ಹುಟ್ಟಿಗೂ ಅತಿ ಚಿಕ್ಕ ಹಗಲಿಗೂ ಇರುವ ನಂಟು ಆಕಸ್ಮಿಕವಾದರೂ ಗಮನಿಸಬೇಕಾದದ್ದು. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಹೋಗಿದ್ದ ಪತ್ರಕರ್ತ ಆರ್ಥರ್ ವಿನ್, ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯ ಭಾನುವಾರದ ‘ಫನ್’ ಪುರವಣಿಗಾಗಿ ವಜ್ರಾಕೃತಿಯ, ನಡುವೆ ಬರಿದಾದ ಒಂದು ಒಗಟನ್ನು ರಚಿಸಿ ‘ವರ್ಡ್-ಕ್ರಾಸ್’ ಎಂದು ಹೆಸರಿಟ್ಟು ಪ್ರಕಟಿಸಿದ್ದು 1913ರ ಡಿಸೆಂಬರ್ 21ರಂದು. ಆ ವರ್ಷ ಸೂರ್ಯ ತನ್ನ ದಕ್ಷಿಣದ ಕೊನೆಯನ್ನು ಮುಟ್ಟಿದ್ದು ಮರುದಿನ, ಡಿಸೆಂಬರ್ 22ರಂದು. ಅಂದರೆ ಜಗತ್ತಿನ ಮೊದಲ ಪದಬಂಧ ಓದುಗರ ಕೈ ಸೇರಿದ್ದು, ನ್ಯೂಯಾರ್ಕಿನ ಹಗಲು ಒಂಬತ್ತೂಕಾಲು ಗಂಟೆಗೆ ಇಳಿದುಹೋಗಿದ್ದ, ವರ್ಷದ ಅತಿ ಚಿಕ್ಕ ಹಗಲಿನ ಹಿಂದಿನ ದಿನ. ಕೆಲವೇ ವಾರಗಳಲ್ಲಿ ಹೆಸರಿನ ಎರಡು ಭಾಗಗಳು ಅದಲುಬದಲಾಗಿ ಅದು ‘ಕ್ರಾಸ್‌ವರ್ಡ್’ ಆಯಿತು. 1924ರಲ್ಲಿ ಪುಸ್ತಕರೂಪಕ್ಕೆ ಬಂತು. 1930ರ ಫೆಬ್ರುವರಿ 1ರಂದು ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆಯನ್ನೂ ಪ್ರವೇಶಿಸಿತು.

ಇಂಗ್ಲಿಷಿನಲ್ಲಿ ಈ ಎರಡೂ ಹಗಲುಗಳ ಸುಳಿವಿಗೆ ಸಿದ್ಧವಾಗಿರುವ ಉತ್ತರ ‘ಸಾಲ್‌ಸ್ಟಿಸ್’ ಎಂಬ ಎಂಟು ಅಕ್ಷರಗಳ ಪದ. ಲ್ಯಾಟಿನ್ ಮೂಲದಲ್ಲಿ ಅದರ ಮೊದಲ ಭಾಗಕ್ಕೆ ಸೂರ್ಯ ಎಂದೂ ಎರಡನೆಯ ಭಾಗಕ್ಕೆ ನಿಲ್ಲುವುದು ಎಂದೂ ಅರ್ಥ. ಬ್ರಿಟನ್ನಿನಲ್ಲಿ ಬೆಳೆದ ಗೂಢ ಪದಬಂಧಗಳಲ್ಲಿ, ಅಂದರೆ ಸುಳಿವಿನ ಒಂದು ತುದಿಯಲ್ಲಿ ಅರ್ಥವನ್ನೂ ಉಳಿದ ಭಾಗದಲ್ಲಿ ಪದವನ್ನು ಕಟ್ಟುವ ಬಗೆಯನ್ನೂ ಅಡಗಿಸಿಡುವ ಪದಬಂಧಗಳಲ್ಲಿ, ಈ ಪದ ತಾನಾಗಿಯೇ ಮೂರು ತುಂಡಾಗುತ್ತದೆ: ಮೊದಲ ಮೂರು ಅಕ್ಷರಗಳು ಸೂರ್ಯನ ಹೆಸರು, ನಡುವಿನ ಎರಡು ಬೀದಿಗೋ ಸಂತನಿಗೋ ಬಳಸುವ ಸಂಕ್ಷೇಪ, ಕೊನೆಯ ಮೂರು ‘ಐಸ್’ ಎಂಬ ಹಿಮದ ಗಡ್ಡೆ. ಸೂರ್ಯ, ಬೀದಿ, ಹಿಮ ಎಂಬ ಮೂರು ಚಿತ್ರಗಳನ್ನು ಸಾಲಾಗಿ ಜೋಡಿಸಿದರೆ ವರ್ಷದ ಒಂದು ತಿರುವು ಸಿದ್ಧವಾಗುತ್ತದೆ. ‘ಕ್ಸಿಮೆನೀಸ್’ ಎಂಬ ಕಾವ್ಯನಾಮದಿಂದ ಪದಬಂಧ ರಚಿಸುತ್ತಿದ್ದ ಡಿ.ಎಸ್. ಮ್ಯಾಕ್‌ನಟ್ 1966ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇಂಥ ಸುಳಿವಿಗೆ ಹಾಕಿಕೊಟ್ಟ ಕಟ್ಟಳೆ ಇಂದಿಗೂ ಮಾನ್ಯವಾಗಿದೆ: ಸುಳಿವಿನಲ್ಲಿ ನಿಖರವಾದ ಅರ್ಥವಿರಬೇಕು, ಪದವನ್ನು ಕಟ್ಟುವ ಬಗೆಯ ಪ್ರಾಮಾಣಿಕ ಸೂಚನೆ ಇರಬೇಕು, ಬೇರೇನೂ ಇರಬಾರದು.

ಅತಿ ದೀರ್ಘ ದಿನ ಎಂಬ ಸುಳಿವಿಗೆ ಇಂಗ್ಲಿಷಿನಲ್ಲಿ ಇನ್ನೊಂದು ಉತ್ತರವೂ ಇದೆ. 1944ರ ಜೂನ್ 6ರಂದು ಮಿತ್ರಪಡೆಗಳು ಫ್ರಾನ್ಸಿನ ನಾರ್ಮಂಡಿ ಕರಾವಳಿಯಲ್ಲಿ ಇಳಿದ ‘ಡಿ-ಡೇ’ಗೆ, ಕಾರ್ನೀಲಿಯಸ್ ರಯಾನ್ 1959ರಲ್ಲಿ ಬರೆದ ‘ದಿ ಲಾಂಗೆಸ್ಟ್ ಡೇ’ ಪುಸ್ತಕ ಮತ್ತು ಅದನ್ನು ಆಧರಿಸಿ 1962ರಲ್ಲಿ ಬಂದ ಚಲನಚಿತ್ರದಿಂದಾಗಿ, ಆ ಹೆಸರು ಅಂಟಿಕೊಂಡಿತು. ಆ ದಿನದ ಹಿಂದಿನ ವಾರಗಳಲ್ಲಿ ಲಂಡನ್ನಿನ ‘ಡೈಲಿ ಟೆಲಿಗ್ರಾಫ್’ ಪತ್ರಿಕೆಯ ಪದಬಂಧಗಳಲ್ಲಿ ಯೂಟಾ, ಒಮಾಹಾ, ಓವರ್‌ಲಾರ್ಡ್, ಮಲ್ಬರಿ, ನೆಪ್ಚೂನ್ ಎಂಬ ಉತ್ತರಗಳು ಒಂದರ ಹಿಂದೊಂದು ಬಂದವು. ಐದೂ ಆ ದಾಳಿಯ ಗುಪ್ತ ಸಂಕೇತನಾಮಗಳೇ ಆಗಿದ್ದುದರಿಂದ ಬ್ರಿಟಿಷ್ ಬೇಹುಗಾರಿಕೆ ಸಂಸ್ಥೆಯ ಅಧಿಕಾರಿಗಳು ಪದಬಂಧಕಾರ ಲಿಯೊನಾರ್ಡ್ ಡಾ ಅವರನ್ನು ವಿಚಾರಣೆಗೆ ಒಳಪಡಿಸಿದರು. ಅವರು ಒಂದು ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದರು, ಗೂಢಚಾರರಾಗಿರಲಿಲ್ಲ. ಸೈನಿಕರ ಶಿಬಿರಗಳ ಸುತ್ತ ಸುಳಿಯುತ್ತಿದ್ದ ಶಾಲೆಯ ಹುಡುಗರು ಅಲ್ಲಿ ಕಿವಿಗೆ ಬಿದ್ದ ಪದಗಳನ್ನು ತಂದು ಮುಖ್ಯೋಪಾಧ್ಯಾಯರ ಖಾಲಿ ಚೌಕಗಳಲ್ಲಿ ತುಂಬುತ್ತಿದ್ದರೆಂದು ಅವರ ಹಳೆಯ ವಿದ್ಯಾರ್ಥಿಯೊಬ್ಬರು 1984ರಲ್ಲಿ ಹೇಳಿದರು.

ಕನ್ನಡಕ್ಕೆ ಬಂದರೆ ಚೌಕದ ಲೆಕ್ಕವೇ ಬದಲಾಗುತ್ತದೆ. ಅ.ನಾ. ಪ್ರಹ್ಲಾದರಾವ್ ಅವರಂಥವರು ದಶಕಗಳ ಕಾಲ ಬಿಡದೆ ರಚಿಸಿದ ಪದಬಂಧಗಳಿಂದ ಕನ್ನಡದ ಓದುಗರಿಗೆ ಈಗ ಸಹಜವೆನಿಸಿರುವ ಕ್ರಮದಲ್ಲಿ, ಒಂದು ಚೌಕದೊಳಗೆ ಕೂರುವುದು ಒಂದು ಧ್ವನಿಯಲ್ಲ, ಒತ್ತು, ಗುಣಿತ, ಸೊನ್ನೆಗಳೆಲ್ಲ ಸೇರಿದ ಇಡೀ ಒಂದು ಅಕ್ಷರ. ‘ಸಂಕ್ರಾಂತಿ’ ಎಂಬ ಪದ ಇಂಗ್ಲಿಷ್ ಲಿಪಿಯಲ್ಲಿ ಒಂಬತ್ತು ಹತ್ತು ಚೌಕಗಳನ್ನು ಬೇಡಿದರೆ ಕನ್ನಡದಲ್ಲಿ ಸಂ, ಕ್ರಾಂ, ತಿ ಎಂಬ ಮೂರೇ ಚೌಕಗಳಲ್ಲಿ ಅಡಗುತ್ತದೆ. ಅತಿ ಚಿಕ್ಕ ಹಗಲಿನಿಂದ ಮೊದಲಾಗುವ ‘ಉತ್ತರಾಯಣ’ಕ್ಕೂ ಅತಿ ದೀರ್ಘ ಹಗಲಿನಿಂದ ಮೊದಲಾಗುವ ‘ದಕ್ಷಿಣಾಯನ’ಕ್ಕೂ ಬೇಕಾಗುವುದು ಸರಿಯಾಗಿ ಐದೈದು ಚೌಕಗಳು: ಉ, ತ್ತ, ರಾ, ಯ, ಣ, ದ, ಕ್ಷಿ, ಣಾ, ಯ, ನ. ಎರಡರಲ್ಲೂ ನಾಲ್ಕನೆಯ ಚೌಕ ಒಂದೇ ಆದ್ದರಿಂದ ಅಲ್ಲಿ ‘ಯ’ ಸಿಕ್ಕಿದ ಮಾತ್ರಕ್ಕೆ ಉತ್ತರ ಯಾವುದೆಂದು ತೀರ್ಮಾನವಾಗುವುದಿಲ್ಲ. ಐದನೆಯ ಚೌಕವಾದರೋ ಅದನ್ನು ತೀರ್ಮಾನಿಸುತ್ತದೆ.

ಆ ಐದನೆಯ ಚೌಕದಲ್ಲಿಯೇ ಬಹಳ ಮಂದಿ ಎಡವುವುದು. ಒಂದೇ ‘ಅಯನ’ ಶಬ್ದ ಉತ್ತರದ ಜೊತೆ ಸೇರಿದಾಗ ಕೊನೆಯಲ್ಲಿ ‘ಣ’ ಆಗುತ್ತದೆ, ದಕ್ಷಿಣದ ಜೊತೆ ಸೇರಿದಾಗ ‘ನ’ ಆಗಿಯೇ ಉಳಿಯುತ್ತದೆ. ಇದಕ್ಕೆ ಕಾರಣ ಪಾಣಿನಿಯ ವ್ಯಾಕರಣದಲ್ಲಿ ಣತ್ವ ಎಂದು ಕರೆಯಲಾಗುವ ನಿಯಮ. ಹಿಂದೆ ರಕಾರವಾಗಲಿ ಷಕಾರವಾಗಲಿ ಇದ್ದರೆ, ನಡುವೆ ಸ್ವರಗಳು, ಯಕಾರ, ಕವರ್ಗ ಅಥವಾ ಪವರ್ಗದ ಅಕ್ಷರಗಳು ಬಂದರೂ, ಮುಂದಿನ ನಕಾರ ಣಕಾರವಾಗುತ್ತದೆ. ಟವರ್ಗದ ಅಕ್ಷರವೊಂದು ನಡುವೆ ಅಡ್ಡ ನಿಂತರೆ ಆ ಪ್ರಭಾವ ಅಲ್ಲಿಗೇ ತಡೆಯುತ್ತದೆ. ‘ಉತ್ತರ’ದ ರಕಾರಕ್ಕೂ ‘ಅಯನ’ದ ನಕಾರಕ್ಕೂ ನಡುವೆ ಅಡ್ಡಿ ಇಲ್ಲ. ‘ದಕ್ಷಿಣ’ದಲ್ಲಿ ಷಕಾರವೇನೋ ಇದೆ, ಆದರೆ ಅದರ ಮುಂದೆಯೇ ನಿಂತಿರುವ ಣಕಾರ ಟವರ್ಗಕ್ಕೆ ಸೇರಿದ್ದರಿಂದ ದಾರಿ ಮುಚ್ಚಿಹೋಗಿದೆ. ‘ರಾಮಾಯಣ’ ಮೂರ್ಧನ್ಯ ಣಕಾರದಲ್ಲಿ ಕೊನೆಗೊಳ್ಳುವುದೂ ಇದೇ ನಿಯಮದಿಂದ. ‘ದಕ್ಷಿಣಾಯಣ’ ಎಂದು ತುಂಬಿದವರು ಮೇಲಿನಿಂದ ಕೆಳಕ್ಕೆ ಬರುವ ಪದ ಕೂಡದೆ ಹೋದಾಗ ಪೆನ್ಸಿಲನ್ನು ಕೆಳಗಿಟ್ಟು ಯೋಚಿಸಬೇಕಾಗುತ್ತದೆ. ಎರಡೂವರೆ ಸಾವಿರ ವರ್ಷಗಳಷ್ಟು ಹಳೆಯದಾದ ಒಂದು ಧ್ವನಿನಿಯಮ ಭಾನುವಾರದ ಪತ್ರಿಕೆಯ ಒಂದು ಚೌಕದಲ್ಲಿ ಇನ್ನೂ ಕೆಲಸ ಮಾಡುತ್ತಿರುವುದು ನಿಜಕ್ಕೂ ಸಂತೋಷದ ಸಂಗತಿ. ಇಂಗ್ಲಿಷ್ ಪದವನ್ನು ಅಕ್ಷರ ಕೆಡದಂತೆ ತುಂಡರಿಸಿ ಗೂಢಾರ್ಥ ಕಟ್ಟಿದ ಹಾಗೆ ಇಲ್ಲಿ ಕಟ್ಟಲಾಗದೆ ಇರುವುದಕ್ಕೂ ಇದೇ ಕಾರಣ: ಸಂಧಿಯಾದೊಡನೆ ‘ಅಯನ’ದ ಮೊದಲಕ್ಷರ ‘ರಾ’ದ ದೀರ್ಘದಲ್ಲಿ ಕರಗುತ್ತದೆ, ಕೊನೆಯಕ್ಷರ ರೂಪವನ್ನೇ ಬದಲಿಸುತ್ತದೆ.

ಅರ್ಥದ ಕಡೆಗೆ ತಿರುಗಿದರೆ ಇನ್ನೂ ದೊಡ್ಡ ವ್ಯತ್ಯಾಸ ಕಾಣುತ್ತದೆ. ಲ್ಯಾಟಿನ್ ಪದ ಸೂರ್ಯ ನಿಂತನೆಂದು ಹೇಳಿದರೆ ‘ಅಯನ’ ಎಂಬ ಪದ ಸೂರ್ಯ ನಡೆದನೆಂದು ಹೇಳುತ್ತದೆ, ಏಕೆಂದರೆ ಅದರ ಧಾತುವಿನ ಅರ್ಥವೇ ಹೋಗುವುದು. ಎರಡೂ ಕಣ್ಣಾರೆ ಕಂಡದ್ದನ್ನೇ ಹೇಳುತ್ತಿವೆ. ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳ ವಿಷುವದ ಸುಮಾರಿಗೆ, ಅಂದರೆ ಹಗಲಿರುಳು ಹೆಚ್ಚು ಕಡಿಮೆ ಸಮನಾಗುವ ದಿನಗಳಲ್ಲಿ, ಸೂರ್ಯ ದಿನವೊಂದಕ್ಕೆ ತನ್ನ ಬಿಂಬದ ಮುಕ್ಕಾಲು ಅಗಲದಷ್ಟು ಉತ್ತರಕ್ಕೋ ದಕ್ಷಿಣಕ್ಕೋ ಸರಿಯುತ್ತಾನೆ. ಜೂನ್ ಮತ್ತು ಡಿಸೆಂಬರ್ ತಿಂಗಳ ತಿರುವುಗಳಲ್ಲಾದರೋ ಐದು ದಿನ ಕಳೆದರೂ ಬಿಂಬದ ಐದನೆಯ ಒಂದು ಪಾಲಿನಷ್ಟೂ ಸರಿಯುವುದಿಲ್ಲ. ಆ ಕೆಲವು ದಿನಗಳನ್ನು ನೋಡಿದವರು ನಿಂತನೆಂದರು, ಉಳಿದ ಆರು ತಿಂಗಳನ್ನು ನೋಡಿದವರು ಹೊರಟನೆಂದರು.

ಹಗಲಿನ ಅಳತೆಯನ್ನು ಬಿಟ್ಟು ಸೂರ್ಯನ ದಿಕ್ಕನ್ನೇ ಹಿಡಿದಿರುವ ಈ ಹೆಸರು ಕರ್ನಾಟಕದ ಅಕ್ಷಾಂಶಕ್ಕೆ ಚೆನ್ನಾಗಿ ಒಪ್ಪುತ್ತದೆ. ಲಂಡನ್ನಿನಲ್ಲಿ ಅತಿ ದೀರ್ಘ ಹಗಲು ಹದಿನಾರೂವರೆ ಗಂಟೆಯನ್ನು ಮೀರುತ್ತದೆ, ಅತಿ ಚಿಕ್ಕದು ಎಂಟು ಗಂಟೆಯನ್ನೂ ಮುಟ್ಟುವುದಿಲ್ಲ. ಅಲ್ಲಿನವರಿಗೆ ಈ ಅಂತರ ಬದುಕನ್ನೇ ಬದಲಿಸುವಂಥದ್ದು. ಬೆಂಗಳೂರಿನಲ್ಲಿ ಜೂನ್ 21ರ ಹಗಲು ಸುಮಾರು 12 ಗಂಟೆ 53 ನಿಮಿಷ, ಡಿಸೆಂಬರ್ 21 ಅಥವಾ 22ರ ಹಗಲು ಸುಮಾರು 11 ಗಂಟೆ 22 ನಿಮಿಷ. ಒಂದೂವರೆ ಗಂಟೆಯ ಈ ಅಂತರ ಆರು ತಿಂಗಳಲ್ಲಿ ಹಂಚಿಹೋಗುವುದರಿಂದ ದಿನದಿಂದ ದಿನಕ್ಕೆ ಅದು ಗಮನಕ್ಕೇ ಬರುವುದಿಲ್ಲ. ಉತ್ತರದ ಬೀದರಿನಲ್ಲಿಯೂ ಈ ವ್ಯತ್ಯಾಸ ಎರಡು ಗಂಟೆ ಹತ್ತು ನಿಮಿಷದ ಆಸುಪಾಸಿನಲ್ಲಿಯೇ ಇರುತ್ತದೆ. ಆದರೆ ಸೂರ್ಯ ಹುಟ್ಟುವ ಜಾಗ ಮಾತ್ರ ಯಾರ ಕಣ್ಣನ್ನೂ ತಪ್ಪಿಸುವುದಿಲ್ಲ. ಬೆಂಗಳೂರಿನ ಅಂಗಳವೊಂದರಲ್ಲಿ ನಿಂತು ನೋಡಿದರೆ ನೇರ ಮೂಡಣಕ್ಕಿಂತ 24 ಡಿಗ್ರಿ ದಕ್ಷಿಣಕ್ಕೆ ಡಿಸೆಂಬರಿನಲ್ಲಿ, ಅಷ್ಟೇ ಉತ್ತರಕ್ಕೆ ಜೂನ್‌ನಲ್ಲಿ ಸೂರ್ಯ ಹುಟ್ಟುತ್ತಾನೆ. ತೆಂಗಿನ ಮರದ ಈ ಪಕ್ಕದಲ್ಲಿದ್ದವನು ಆ ಪಕ್ಕದ ಮನೆಯ ಮಾಡಿನಾಚೆಗೆ ಹೋಗಿರುತ್ತಾನೆ. ಇಡೀ ಕರ್ನಾಟಕ ಕರ್ಕಾಟಕ ಸಂಕ್ರಾಂತಿ ವೃತ್ತದ ದಕ್ಷಿಣಕ್ಕೆ ಇರುವುದರಿಂದ ಜೂನ್ 21ರ ನಡುಹಗಲಿನಲ್ಲಿ ಸೂರ್ಯ ನಮ್ಮ ನೆತ್ತಿಯನ್ನೂ ದಾಟಿ ಉತ್ತರದಲ್ಲಿರುತ್ತಾನೆ, ನೆಟ್ಟ ಕೋಲಿನ ನೆರಳು ದಕ್ಷಿಣಕ್ಕೆ ಬೀಳುತ್ತದೆ.

ಸುಳಿವು ಬರೆಯುವವರು ಹೆಚ್ಚು ಎಚ್ಚರ ವಹಿಸಬೇಕಾದ ಪದ ‘ದಿನ’. ಇಂಗ್ಲಿಷಿನ ‘ಡೇ’ ಎಂಬ ಒಂದೇ ಪದ ಹಗಲಿಗೂ ಇಪ್ಪತ್ತನಾಲ್ಕು ಗಂಟೆಯ ಅವಧಿಗೂ ಸಲ್ಲುತ್ತದೆ. ಕನ್ನಡದಲ್ಲಿ ಹಗಲು ಬೇರೆ, ದಿನ ಬೇರೆ. ಹೀಗಿದ್ದೂ ‘ವರ್ಷದ ಅತಿ ದೀರ್ಘ ದಿನ’ ಎಂದು ಬರೆಯುವ ರೂಢಿ ಪತ್ರಿಕೆಗಳಲ್ಲಿ ಬೆಳೆದಿದೆ. ಈ ಮಾತನ್ನು ಅಕ್ಷರಶಃ ತೆಗೆದುಕೊಂಡರೆ ಉತ್ತರ ತಲೆಕೆಳಗಾಗುತ್ತದೆ. ಒಂದು ನಡುಹಗಲಿನಿಂದ ಮರುದಿನದ ನಡುಹಗಲಿನವರೆಗೆ, ಅಂದರೆ ಸೂರ್ಯ ಒಂದು ಊರಿನ ಉತ್ತರ-ದಕ್ಷಿಣ ರೇಖೆಯನ್ನು ದಾಟಿ ಮತ್ತೆ ಅದೇ ರೇಖೆಗೆ ಬರುವವರೆಗೆ ಹಿಡಿಯುವ ಕಾಲವನ್ನು ಸೌರದಿನ ಎನ್ನುತ್ತಾರೆ. ಅದು ವರ್ಷವಿಡೀ ಸರಿಯಾಗಿ 24 ಗಂಟೆ ಇರುವುದಿಲ್ಲ. ಜನವರಿಯ ಮೊದಲ ವಾರದಲ್ಲಿ ಭೂಮಿ ಸೂರ್ಯನಿಗೆ ಅತಿ ಸಮೀಪದಲ್ಲಿದ್ದು ವೇಗವಾಗಿ ಚಲಿಸುವುದರಿಂದಲೂ, ಭೂಮಿಯ ಅಕ್ಷದ ಓರೆಯಿಂದಾಗಿ ಅಯನಗಳ ಸುಮಾರಿಗೆ ಸೂರ್ಯನ ಪೂರ್ವದತ್ತಣ ಸರಿತ ಹೆಚ್ಚಾಗುವುದರಿಂದಲೂ, ಡಿಸೆಂಬರ್ 22ರ ಆಸುಪಾಸಿನ ಸೌರದಿನ 24 ಗಂಟೆಗಿಂತ ಸುಮಾರು 30 ಸೆಕೆಂಡು ಹೆಚ್ಚಾಗಿರುತ್ತದೆ. ಸೆಪ್ಟೆಂಬರ್ ನಡುವಿನಲ್ಲಿ 20 ಸೆಕೆಂಡಿಗಿಂತ ತುಸು ಹೆಚ್ಚೇ ಕುಗ್ಗಿರುತ್ತದೆ. ಆದುದರಿಂದ ವರ್ಷದ ಅತಿ ದೀರ್ಘ ‘ದಿನ’ ಬೀಳುವುದು ಅತಿ ಚಿಕ್ಕ ‘ಹಗಲಿ’ನ ಮಗ್ಗುಲಲ್ಲಿಯೇ. ಈ ಭೇದವನ್ನು ಒಂದೇ ಮಾತಿನಲ್ಲಿ ಹೇಳುವ ಶಕ್ತಿ ಕನ್ನಡಕ್ಕೆ ಇರುವಾಗ ಅದನ್ನು ಬಿಟ್ಟುಕೊಡುವುದು ನಷ್ಟವೇ ಸರಿ.

ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಸಂಕ್ರಾಂತಿಯದು. ‘ಉತ್ತರಾಯಣದ ಆರಂಭ’ ಎಂಬ ಸುಳಿವಿಗೆ ಆರು ಚೌಕಗಳಿದ್ದರೆ ‘ಮಕರಸಂಕ್ರಾಂತಿ’ ಎಂದು ತುಂಬಲು ಯಾರೂ ಹಿಂಜರಿಯುವುದಿಲ್ಲ, ಏಕೆಂದರೆ ಎಳ್ಳುಬೆಲ್ಲ ಬೀರುವ ಜನವರಿ 14 ಅಥವಾ 15ರಂದೇ ಉತ್ತರಾಯಣ ಪುಣ್ಯಕಾಲವೆಂದು ಪಂಚಾಂಗಗಳು ಹೇಳುತ್ತವೆ. ಆಕಾಶದಲ್ಲಾದರೋ ಸೂರ್ಯ ಉತ್ತರಕ್ಕೆ ಹೊರಳಿ ಆಗಲೇ ಮೂರು ವಾರಗಳಿಗೂ ಹೆಚ್ಚು ಕಾಲ ಸಂದಿರುತ್ತದೆ. ಸಂಕ್ರಾಂತಿಯೆಂದರೆ ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ದಾಟುವುದು, ಅದು ವರ್ಷಕ್ಕೆ ಹನ್ನೆರಡು ಸಲ ನಡೆಯುತ್ತದೆ. ಅಯನವೆಂದರೆ ಸೂರ್ಯನ ದಿಕ್ಕು ಬದಲಾಗುವುದು, ಅದು ಎರಡೇ ಸಲ. ಇವೆರಡೂ ಒಂದು ಕಾಲದಲ್ಲಿ ಒಂದೇ ದಿನ ಕೂಡಿಬರುತ್ತಿದ್ದವು. ಭೂಮಿಯ ಅಕ್ಷ ತಿರುಗುವ ಬುಗುರಿಯ ಹಾಗೆ ಸುಮಾರು 25,800 ವರ್ಷಗಳಿಗೊಮ್ಮೆ ಒಂದು ಸುತ್ತು ಓಲಾಡುವುದರಿಂದ ಅಯನದ ಬಿಂದುಗಳು ನಕ್ಷತ್ರಗಳ ನಡುವೆ 72 ವರ್ಷಕ್ಕೊಂದು ಡಿಗ್ರಿಯಂತೆ ಹಿಂದೆ ಸರಿಯುತ್ತವೆ. ಇದಕ್ಕೆ ಅಯನಚಲನೆ ಎಂದೂ, ಹೀಗೆ ಕೂಡಿಬಂದ ಅಂತರಕ್ಕೆ ಅಯನಾಂಶ ಎಂದೂ ಹೆಸರು. ಭಾರತ ಸರ್ಕಾರದ ಪಂಚಾಂಗ ಒಪ್ಪಿರುವ ಗಣನೆಯಂತೆ ಕ್ರಿ.ಶ. 285ರಲ್ಲಿ ಶೂನ್ಯವಾಗಿದ್ದ ಈ ಅಂತರ ಈಗ 24 ಡಿಗ್ರಿಯನ್ನು ದಾಟಿದೆ.

ಪ್ರಾಚೀನರಿಗೆ ಇದು ತಿಳಿದಿರಲಿಲ್ಲವೆಂದು ಭಾವಿಸುವುದು ಅನ್ಯಾಯ. ಲಗಧನದೆಂದು ಹೇಳಲಾಗುವ ವೇದಾಂಗ ಜ್ಯೋತಿಷ ಉತ್ತರಾಯಣದ ಆರಂಭವನ್ನು ಧನಿಷ್ಠಾ ನಕ್ಷತ್ರದ ಮೊದಲಲ್ಲಿ ಇರಿಸುತ್ತದೆ, ಮತ್ತು ಅತಿ ದೀರ್ಘ ಹಗಲು 18 ಮುಹೂರ್ತ, ಅತಿ ಚಿಕ್ಕದು 12 ಮುಹೂರ್ತ ಎಂದು ಲೆಕ್ಕ ಕೊಡುತ್ತದೆ. ಮುಹೂರ್ತವೊಂದಕ್ಕೆ 48 ನಿಮಿಷದಂತೆ ಅದು 14 ಗಂಟೆ 24 ನಿಮಿಷ ಮತ್ತು 9 ಗಂಟೆ 36 ನಿಮಿಷವಾಗುವುದರಿಂದ ಆ ಲೆಕ್ಕ 35 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿಗೆ ಹೊಂದುತ್ತದೆಯೇ ಹೊರತು ದಕ್ಷಿಣಕ್ಕೆ ಅಲ್ಲ. ಆರನೆಯ ಶತಮಾನದ ವರಾಹಮಿಹಿರ ‘ಬೃಹತ್ಸಂಹಿತೆ’ಯಲ್ಲಿ ಇನ್ನೂ ಸ್ಪಷ್ಟವಾಗಿ, ಹಿಂದಿನ ಶಾಸ್ತ್ರಗಳ ಪ್ರಕಾರ ದಕ್ಷಿಣಾಯನ ಆಶ್ಲೇಷಾ ನಕ್ಷತ್ರದ ನಡುವಿನಿಂದಲೂ ಉತ್ತರಾಯಣ ಧನಿಷ್ಠೆಯ ಮೊದಲಿಂದಲೂ ಆಗುತ್ತಿತ್ತೆಂದೂ, ತನ್ನ ಕಾಲದಲ್ಲಿ ಅವು ಕರ್ಕಾಟಕದ ಮತ್ತು ಮಕರದ ಆದಿಯಿಂದ ಆಗುತ್ತಿವೆಯೆಂದೂ ದಾಖಲಿಸಿ, ಸಂಶಯವಿದ್ದವರು ಪ್ರತ್ಯಕ್ಷವಾಗಿ ಗಮನಿಸಿ ತಿಳಿಯಬೇಕೆಂದು ಸೂಚಿಸುತ್ತಾನೆ. ಶಾಸ್ತ್ರದ ಮಾತಿಗೂ ಕಣ್ಣಿಗೆ ಕಾಣುವುದಕ್ಕೂ ಅಂತರ ಬಂದಾಗ ಕಣ್ಣಿನ ಕಡೆಗೆ ನಿಂತ ಈ ಆಚಾರ್ಯನ ನಿಲುವು ಇಂದಿನ ಪಂಚಾಂಗಕರ್ತರಿಗೂ ಪದಬಂಧಕಾರರಿಗೂ ಸಮಾನವಾಗಿ ಸಲ್ಲುವಂಥದ್ದು. ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ 1952ರಲ್ಲಿ ನೇಮಕವಾದ ಪಂಚಾಂಗ ಸುಧಾರಣಾ ಸಮಿತಿಯ ಶಿಫಾರಸಿನಂತೆ 1957ರ ಮಾರ್ಚ್ 22ರಿಂದ ಜಾರಿಗೆ ಬಂದ ರಾಷ್ಟ್ರೀಯ ಪಂಚಾಂಗದಲ್ಲಿ ಪೌಷ ಮಾಸ ಡಿಸೆಂಬರ್ 22ಕ್ಕೂ ಆಷಾಢ ಮಾಸ ಜೂನ್ 22ಕ್ಕೂ ಆರಂಭವಾಗುತ್ತವೆ; ಅಯನಕ್ಕೂ ತಿಂಗಳಿಗೂ ಕಳಚಿಹೋದ ಕೊಂಡಿಯನ್ನು ಅದು ಮತ್ತೆ ಬೆಸೆದಿದೆ, ಆದರೆ ಹಬ್ಬಗಳು ಅದನ್ನು ಅನುಸರಿಸಲಿಲ್ಲ.

ಬೆಂಗಳೂರಿನ ಗವಿಪುರದ ಗಂಗಾಧರೇಶ್ವರ ಗುಹಾಲಯದಲ್ಲಿ ಸಂಕ್ರಾಂತಿಯ ಸಂಜೆ ಇಳಿಬಿಸಿಲು ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟುವುದನ್ನು ನೋಡಲು ಪ್ರತಿವರ್ಷ ಜನ ಸೇರುತ್ತಾರೆ. ಸೂರ್ಯ ತನ್ನ ದಕ್ಷಿಣದ ಕೊನೆಗೆ ಹೋಗುವಾಗ ಹಾದ ದಾರಿಯಲ್ಲಿಯೇ ಹಿಂದಿರುಗುವುದರಿಂದ, ಡಿಸೆಂಬರ್ 21ಕ್ಕೆ 24 ದಿನ ನಂತರ ಗುಹೆಗೆ ಬರುವ ಆ ಬೆಳಕು ಅಷ್ಟೇ ದಿನ ಮೊದಲು, ನವೆಂಬರ್ ಕೊನೆಯ ವಾರದಲ್ಲಿಯೂ ಅಲ್ಲಿಗೆ ಬಂದಿರಲೇಬೇಕು. ಅತಿ ಚಿಕ್ಕ ಹಗಲು ಈ ಎರಡು ಬೆಳಕುಗಳ ನಟ್ಟನಡುವೆ ಸದ್ದಿಲ್ಲದೆ ಕಳೆದುಹೋಗುತ್ತದೆ.

ಹೆಸರು ಒಂದು ಕಡೆ, ಹಗಲು ಇನ್ನೊಂದು ಕಡೆ ಆಗಿರುವುದು ನಮ್ಮಲ್ಲಿ ಮಾತ್ರವಲ್ಲ. ಹಳೆಯ ಜೂಲಿಯನ್ ಪಂಚಾಂಗ ನಡೆಯುತ್ತಿದ್ದಾಗ ಯುರೋಪಿನಲ್ಲಿ ಅತಿ ಚಿಕ್ಕ ಹಗಲೆಂದು ಹೆಸರಾಗಿದ್ದದ್ದು ಡಿಸೆಂಬರ್ 13ರ ಸಂತ ಲೂಸಿಯ ಹಬ್ಬ; ಪಂಚಾಂಗ ತಿದ್ದುಪಡಿಯಾದ ಮೇಲೂ ಸ್ವೀಡನ್ನಿನಲ್ಲಿ ಆ ದಿನವೇ ದೀಪ ಹಚ್ಚುತ್ತಾರೆ. ಇಂಗ್ಲಿಷ್ ಸುಳಿವುಗಳಿಗೆ ಇನ್ನೊಂದು ತೊಡಕೂ ಇದೆ. ಜೂನ್ ತಿರುವನ್ನು ಬೇಸಗೆಯದೆಂದೂ ಡಿಸೆಂಬರ್ ತಿರುವನ್ನು ಚಳಿಗಾಲದ್ದೆಂದೂ ಆ ಭಾಷೆ ಹೆಸರಿಸುವುದರಿಂದ ಸಮಭಾಜಕ ವೃತ್ತದ ಕೆಳಗೆ ಆ ಹೆಸರುಗಳು ಸುಳ್ಳಾಗುತ್ತವೆ. ಸಿಡ್ನಿಯಲ್ಲೋ ಮೆಲ್ಬರ್ನ್‌ನಲ್ಲೋ ನೆಲೆಸಿರುವ ಕನ್ನಡಿಗರಿಗೆ ಜೂನ್ 21 ಅತಿ ಚಿಕ್ಕ ಹಗಲು. ಆದರೂ ಅಂದು ಸೂರ್ಯ ದಕ್ಷಿಣಕ್ಕೆ ಹೊರಳುವುದು ಅಲ್ಲಿಯೂ ನಿಜ, ಬೆಂಗಳೂರಿನಲ್ಲಿಯೂ ನಿಜ. ಋತುವನ್ನು ಹೇಳದೆ ದಿಕ್ಕನ್ನು ಮಾತ್ರ ಹೇಳುವ ‘ದಕ್ಷಿಣಾಯನ’ ಎಂಬ ಪದ ಭೂಮಿಯ ಯಾವ ಊರಿನ ಪದಬಂಧದಲ್ಲಿಯೂ ತಪ್ಪಾಗುವುದಿಲ್ಲ.

ಹೀಗಿರುವಾಗ ಕನ್ನಡದ ಪದಬಂಧಕಾರರಲ್ಲಿ ಕೇಳಿಕೊಳ್ಳಬೇಕಾದದ್ದು ಬಹಳವೇನೂ ಇಲ್ಲ. ಹಗಲನ್ನು ಹಗಲೆಂದೇ ಬರೆಯಲಿ, ದಿನವೆಂದು ಬರೆಯದಿರಲಿ. ‘ಸಂಕ್ರಾಂತಿ’ಗೆ ಸೂರ್ಯನು ರಾಶಿ ದಾಟುವುದು ಎಂಬ ಸುಳಿವನ್ನೇ ಕೊಟ್ಟು, ಅತಿ ಚಿಕ್ಕ ಹಗಲನ್ನು ಅದರ ತಲೆಗೆ ಕಟ್ಟದಿರಲಿ. ಉತ್ತರಾಯಣಕ್ಕೆ, ಶರಶಯ್ಯೆಯ ಭೀಷ್ಮ ಕಾದ ಕಾಲವೆಂಬ ಹಳೆಯ ಸುಳಿವು ಸದಾ ಸರಿಯಾದದ್ದೇ. ಅದರ ಜೊತೆಗೆ, ಡಿಸೆಂಬರ್ 22ರ ಸುಮಾರಿಗೆ ಮೊದಲಾಗುವ ಸೂರ್ಯನ ನಡೆ ಎಂಬುದೂ ಈ ವರ್ಷದ ಒಂದಾದರೂ ಪದಬಂಧದಲ್ಲಿ ಬರಲಿ. ಬಿಡಿಸುವವರು ಕೊನೆಯ ಚೌಕದಲ್ಲಿ ‘ಣ’ ಬರೆಯಲು ಮರೆಯದಿರಲಿ.